ನರ್ಸ್‌ಬಾಯಿ ತಲೆ ತೊಳೆದ ಮಧ್ಯಾಹ್ನ

ಕಾರ್ಬಾಲಿಕ್ ಸಾಬೂನಿನ ವಾಸನೆ ಬಂದರೆ ಇಂದಿಗೂ ನನ್ನ ನೆತ್ತಿ ಜುಮ್ಮೆನ್ನುತ್ತದೆ.

ಚಿಕ್ಕಂದಿನಲ್ಲಿ ವಿಷಮಜ್ವರ ಬಂದು ಗೋಕಾಕದ ದವಾಖಾನೆಯಲ್ಲಿ ಮೂರು ವಾರ ಮಲಗಿದ್ದೆ. ಕೌಜಲಗಿಯಿಂದ ಬಂದ ಅಜ್ಜಿ ನನ್ನ ಮಂಚ ಬಿಟ್ಟು ಕದಲಿರಲಿಲ್ಲ. ಜ್ವರ ಇಳಿಯಿತು, ಆದರೆ ಕೂದಲು ಗಂಟುಗಟ್ಟಿ ಚಾಪೆಯಂತಾಗಿತ್ತು. ತಲೆ ಬೋಳಿಸುತ್ತಾರೆಂದು ಅಳುತ್ತಿದ್ದೆ.

"ಬೋಳ್ಸೂದು ಬ್ಯಾಡ, ತೊಳಿಯೂಣು" ಎಂದು ನರ್ಸ್‌ಬಾಯಿ ಬಿಸಿನೀರು, ಕಾರ್ಬಾಲಿಕ್ ಸಾಬೂನು ತಂದರು.

ಅಜ್ಜಿ ಅಡ್ಡ ನಿಂತಳು. "ಮತ್ತ ಜ್ವರಾ ಬಂದ್ರ ಹ್ಯಾಂಗ್ರಿ ಬಾಯಾರ?"

"ನಾ ಅದೀನಲ್ರಿ, ಆಯೀ."

ಮಂಚದಂಚಿಗೆ ನನ್ನ ತಲೆ ಇಳಿಬಿಟ್ಟು, ಅಂಗೈಯಲ್ಲಿ ಕತ್ತು ಹಿಡಿದು ನೀರು ಹೊಯ್ದರು. ಆಹಾ, ಆ ಹಗುರ! ಒಂದೊಂದೇ ಗಂಟನ್ನು ಬೆರಳಿನಿಂದಲೇ ಬಿಡಿಸಿದರು. ಒಂದೆಳೆಯನ್ನೂ ಕತ್ತರಿಸಲಿಲ್ಲ. ನಾನು ಖುಷಿಯಿಂದ ಕಿರುಚಿದೆ.

ನೋಡುತ್ತಿದ್ದ ಅಜ್ಜಿ ಮೆಲ್ಲಗೆ ತನ್ನ ತುರುಬು ಬಿಚ್ಚಿ ನೆಲದ ಮೇಲೆ ಕುಳಿತಳು.

"ಬಿಸಿನೀರು ಇನ್ನೂ ಉಳದಾವೇನ್ರಿ ಬಾಯಾರ?"