ಕಿತ್ತುಬಂದ ಗುಂಡಿ

"ತಗೊಳ್ರೀ, ಇನ್ನೊಂದು ಕಿತ್ತುಬಂತು, ಒಗೆಯುವಾಗ" ಎನ್ನುತ್ತ ಹೆಂಡತಿ ನೀಲಿ ಅಂಗಿಯನ್ನೂ ಗುಂಡಿಯನ್ನೂ ಮಂಚದ ಮೇಲಿಟ್ಟು ಒಳಗೆ ಹೋದಳು.

ಗೋಡೆಗೆ ಮುಖ ಮಾಡಿ ಮಲಗಿದ್ದ ಟೈಲರ್ ಹೊರಳಲಿಲ್ಲ. ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿಗೆ ಬೀಗ ಬಿದ್ದಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್, ಮಿಕ್ಕ ದಿನ ಈ ಗೋಡೆ. "ಹೊಲಿಯೋ ಸೂಜಿ ಹೋಯ್ತು, ಚುಚ್ಚಿಸ್ಕೊಳ್ಳೋ ಸೂಜಿ ಉಳೀತು" ಎಂದು ಮೊದಮೊದಲು ನಗಿಸುತ್ತಿದ್ದವನು ಈಚೆಗೆ ಅದನ್ನೂ ಬಿಟ್ಟಿದ್ದ. "ನಾಳೆಯಿಂದ ಆಸ್ಪತ್ರೆಗೆ ಬರಲ್ಲ, ಸಾಕು" ಎಂದು ಬೆಳಿಗ್ಗೆ ಹೇಳಿಯೂಬಿಟ್ಟಿದ್ದ.

ಫೋನು ಬಂತು. ಆಸ್ಪತ್ರೆಯ ಸಿಸ್ಟರ್. ಮನಸ್ಸು ಕುಗ್ಗಿದ ರೋಗಿಗಳನ್ನು ಅವರ ಕೈಲಾಗುವ ಒಂದು ಸಣ್ಣ ಕೆಲಸಕ್ಕೆ ಒಪ್ಪಿಸಿ, ವಾರವಾರ ವಿಚಾರಿಸುವವಳು. ಕಾಟ ತಪ್ಪಲಿ ಎಂದು ಟೈಲರ್ ಮೊದಲ ದಿನವೇ, ಹೆಂಡತಿಯ ಎದುರಿಗೇ, "ಗುಂಡಿ ಕಿತ್ತರೆ ಹಾಕ್ತೀನಿ ಬಿಡಿ" ಎಂದಿದ್ದ. ತಾನು ಹಾಕಿದ ಗುಂಡಿ ಕಿತ್ತುಬರುವುದುಂಟೇ ಎಂಬ ಜಂಬ. ಆದರೆ ಅಂದಿನಿಂದ ವಾರಕ್ಕೊಂದು ಕಿತ್ತುಬರುತ್ತಲೇ ಇತ್ತು. ಅವನೂ ಸರಿಯಾಗಿ ನೋಡದೆ, ಗೊಣಗಿಕೊಂಡು ಹಾಕುತ್ತಲೇ ಇದ್ದ.

"ಈ ವಾರ ಏನ್ ಮಾಡಿದ್ರಿ ಅಣ್ಣಾ?"

"ಏನೂ ಇಲ್ಲ. ಗುಂಡಿ ಕಿತ್ತಿದೆ, ಹಾಕೋಕೆ ಮನಸ್ಸಿಲ್ಲ."

"ಮನಸ್ಸು ಬರ್ಲಿ ಅಂತ ಕಾಯ್ಬೇಡಿ. ಸುಮ್ನೆ ಕೈಗೆ ತಗೊಳ್ಳಿ, ಸಾಕು. ಸಂಜೆ ಮತ್ತೆ ಫೋನ್ ಮಾಡ್ತೀನಿ."

ಬೇಸರದಿಂದಲೇ ಎದ್ದು ಕೂತು ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಸವೆದು ಕಿತ್ತ ದಾರ ಹೀಗಿರುವುದಿಲ್ಲ. ಇದು ನೀಟಾಗಿ ಕತ್ತರಿಸಿದ್ದು. ಈ ಸಲ ಕೈ ತಪ್ಪಿತ್ತೇನೋ, ಕತ್ತರಿಯ ಮೊನೆ ತಾಗಿ ಬಟ್ಟೆಯೂ ಚೂರು ಸೀಳಿತ್ತು.

ನನ್ನ ಕೆಲಸಕ್ಕೇ ಕತ್ತರಿ ಹಾಕಿದಳಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ, ವಾರವಾರ ಅವಳು ತಂದಿಟ್ಟ ಗುಂಡಿಗಳೆಲ್ಲ ಒಂದೊಂದಾಗಿ ನೆನಪಾದವು. ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತುಹೋಗಿತ್ತು.

"ಏನ್ರೀ, ಏನಾಯ್ತು?" ಬಾಗಿಲಲ್ಲಿ ಅವಳು.

"ಏನಿಲ್ಲ. ದಾರ ಹಳೇದು, ಅದಕ್ಕೇ."

"ಮತ್ತೆ... ನಾಳೆ?"

"ಇದನ್ನೇ ಹಾಕ್ಕೊಂಡು ಹೋಗ್ತೀನಿ. ಆ ಸೂಜಿ ಡಬ್ಬಿ ಕೊಡು."

ಅವಳು ಕೊಟ್ಟು, ಕಣ್ಣು ತಪ್ಪಿಸಿ ಒಳಗೆ ಹೋದಳು. ಅವನು ಮೊದಲು ಸೀಳು ಮುಚ್ಚಿದ, ಆಮೇಲೆ ಗುಂಡಿಯನ್ನು ಸಡಿಲವಾಗಿ ಹೊಲಿದ. ಮುಂದಿನ ವಾರ ಅವಳು ಕತ್ತರಿ ಹಿಡಿಯುವುದು ಬೇಡ. ಕಸುಬಿಗಿಳಿದ ಮೇಲೆ ಮೊದಲ ಸಲ, ಗಂಟು ಹಾಕದೆ ದಾರ ಹರಿದ.