ಲೂರ್ದಿನಿಂದ ನೀಸ್ ಎಷ್ಟು ದೂರ

"ಪರದೆ ಮುಟ್ಟಬೇಡ!" ಕ್ಯಾಮಿಲಸ್ ಪಿಸುಗುಟ್ಟಿದ.

ಮೆಟಿಲ್ಡಾ ಕೈ ಹಿಂದಕ್ಕೆಳೆದುಕೊಂಡಳು. ಹೊರಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಆಗಸ್ಟ್ ಬಿಸಿಲು. ಒಳಗೆ ಕತ್ತಲೆ, ಬರಿಗಾಲು, ಒಣ ಬ್ರೆಡ್ಡು. ಟವರಿನ ತುಂಬ ಊರಿನವರು. ಅವರ ಲೆಕ್ಕದಲ್ಲಿ ಈ ಗಂಡ ಹೆಂಡತಿ ಈಗ ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಕಡಲಿಗೆ ಮುಖ ಮಾಡಿ ರಜೆ ಕಳೆಯುತ್ತಿದ್ದಾರೆ.

"ಒಂದೇ ಒಂದು ಬಂಗುಡೆ ಹುರಿದ್ರೆ ಏನಾಗ್ತದೆ?"

"ವಾಸನೆ ಲಿಫ್ಟಿನವರೆಗೆ ಹೋಗ್ತದೆ ಮಾರಾಯ್ತಿ. ಮನೆಯಲ್ಲಿ ಇಲ್ಲದವರು ಮೀನು ಹುರೀತಾರಾ?"

"ಬಾಯಿ ಬಿಡುವ ಮೊದಲು ವೀಸಾ ತೆಗೀಬೇಕಿತ್ತು ನೀವು."

ಮಾತು ನಿಜವೇ. ಪಕ್ಕದ ಫ್ಲಾಟಿನ ಮೊರಿಸ್ ಮತ್ತು ಜೋಸ್ಫಿನ್‌ರ ಮಗ ಡ್ಯಾರಲ್‌ಗೆ ಇವರ ಮಗಳು ಸ್ಟೇಸಿಯನ್ನು ಕೊಡುವ ಮಾತಾಗಿತ್ತು. ಮಾತುಕತೆಯ ಊಟದಲ್ಲಿ ಜೋಸ್ಫಿನ್, ಆಗಸ್ಟಿನಲ್ಲಿ ತಾವು ಫ್ರಾನ್ಸಿನ ಲೂರ್ದ್ ಮಾತೆಯ ಯಾತ್ರೆಗೆ ಹೋಗುವುದಾಗಿ ಹೇಳಿದಳು. "ನಾವೂ ಫ್ರಾನ್ಸಿಗೇ, ನೀಸ್‌ಗೆ" ಎಂದುಬಿಟ್ಟ ಕ್ಯಾಮಿಲಸ್. ಆಮೇಲೆ ಅರ್ಜಿ ಹಾಕಿದ. ವೀಸಾ ಸಿಗಲಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಡ್ಯಾರಲ್‌ನ ಹಿಂದಿನ ಸಂಬಂಧ ಮುರಿದದ್ದೇ ಒಂದು ಸುಳ್ಳಿನಿಂದ. ಆ ಹುಡುಗಿಯ ತಂದೆ ಸೂಪರ್‌ವೈಸರ್ ಆಗಿದ್ದುಕೊಂಡು ಮ್ಯಾನೇಜರ್ ಎಂದು ಹೇಳಿಕೊಂಡಿದ್ದ. "ಖಲಾಸ್ ಅಂದೆ," ಎಂದು ಜೋಸ್ಫಿನ್ ಅದೇ ಊಟದಲ್ಲಿ ಕೈ ಕೊಡವಿದ್ದಳು. "ಸುಳ್ಳು ಹೇಳುವ ಮನೆಯ ಹುಡುಗಿ ನಮಗೆ ಬೇಡ." ಸ್ಟೇಸಿಗೆ ಡ್ಯಾರಲ್ ಎಂದರೆ ಪ್ರಾಣ.

ಹಾಗಾಗಿ ಈ ಸೆರೆ. ಮೊರಿಸ್ ದಂಪತಿ ಒಂದು ದಿನ ಮೊದಲೇ ಟ್ರಾಲಿ ಬ್ಯಾಗ್ ಎಳೆದುಕೊಂಡು ಹೊರಟಿದ್ದರು. ಮರುದಿನ ಇವರೂ ಎಲ್ಲರೆದುರು ಹೊರಟು, ಪಾರ್ಕಿಂಗ್ ಕಡೆಯ ಮೆಟ್ಟಿಲಿನಿಂದ ಕಳ್ಳರಂತೆ ವಾಪಸು ಬಂದಿದ್ದರು.

ಕ್ಯಾಮಿಲಸ್ ಅಚ್ಚುಕಟ್ಟಿನ ಮನುಷ್ಯ. ಆಗಸ್ಟಿನಲ್ಲಿ ಫ್ರಾನ್ಸ್ ಇಲ್ಲಿಗಿಂತ ಎರಡು ಗಂಟೆ ಹಿಂದೆ. ಅದನ್ನು ನೆನಪಿಟ್ಟುಕೊಂಡೇ, ಅಂತರ್ಜಾಲದಲ್ಲಿ ಹುಡುಕಿದ ನೀಲಿ ಕಡಲಿನ ಚಿತ್ರಕ್ಕೆ 'ಗುಡ್ ಮಾರ್ನಿಂಗ್' ಸೇರಿಸಿ ತಡವಾಗಿ ಕಳಿಸುತ್ತಿದ್ದ. ಜೋಸ್ಫಿನ್‌ಳ ಗುಡ್ ಮಾರ್ನಿಂಗ್, ಲೂರ್ದಿನ ಗವಿಯ ಚಿತ್ರದೊಡನೆ, ಅದಕ್ಕೂ ಮೊದಲೇ ಬಂದಿರುತ್ತಿತ್ತು. ಅಲ್ಲಿ ಇನ್ನೂ ಬೆಳಕು ಹರಿದಿರಲಾರದು.

"ಯಾತ್ರೆಗೆ ಹೋದವರು ಬೇಗ ಏಳ್ತಾರೆ," ಎಂದಳು ಮೆಟಿಲ್ಡಾ.

ಇವತ್ತು ಚಿತ್ರದ ಕೆಳಗೆ ಎರಡು ಸಾಲು ಹೆಚ್ಚಿಗೆ ಇತ್ತು. 'ಮೆಟಿಲ್ಡಾ ಬಾಯಿ, ನೀಸ್ ಇಲ್ಲೇ ಪಕ್ಕ ಅಲ್ವಾ, ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಬೀಗರಾಗುವವರು ಇಷ್ಟು ಹತ್ತಿರ ಇದ್ದೂ ಬಂದು ನೋಡದಿದ್ರೆ ಚೆನ್ನಾಗಿರಲ್ಲ. ನೀವು ಹೇಳಿದ್ರೆ ನಾಳೆ ಬರ್ತೇವೆ.'

ಕ್ಯಾಮಿಲಸ್ ಫೋನಿನಲ್ಲಿ ನಕ್ಷೆ ತೆರೆದ.

"ಅರ್ಧ ಗಂಟೆಯಂತೆ! ಏಳುನೂರು ಕಿಲೋಮೀಟರಿಗೂ ಹೆಚ್ಚು. ಮಂಗಳೂರಿಂದ ಚೆನ್ನೈಗೆ ಹೋದ ಹಾಗೆ."

"ಹಾಗಾದ್ರೆ ದೂರ ಅಂತ ಹೇಳಿಬಿಡಿ."

"ಆ ಹೆಂಗಸು ಹಟ ಹಿಡಿದು ವಿಮಾನ ಹತ್ತಿದ್ರೆ? ಹೋಟೆಲ್ ಯಾವುದು ಅಂದ್ರೆ ಎಂತ ಹೇಳ್ತಿ?"

ಕಾರಿಡಾರಿನಲ್ಲಿ ಯಾರದೋ ಹೆಜ್ಜೆ ಕೇಳಿಸಿತು. ಇಬ್ಬರೂ ಉಸಿರು ಬಿಗಿಹಿಡಿದು ಮಲಗುವ ಕೋಣೆಗೆ ಸರಿದು ಬಾಗಿಲು ಹಾಕಿಕೊಂಡರು. ಅಲ್ಲಿ, ಪಕ್ಕದ ಫ್ಲಾಟಿಗೆ ಹೊಂದಿಕೊಂಡ ಗೋಡೆಗೆ ಒರಗಿ ನಿಂತು, ಕ್ಯಾಮಿಲಸ್ ಬರೆದ: 'ಕ್ಷಮಿಸಿ ಜೋಸ್ಫಿನ್ ಬಾಯಿ. ನಾವು ಈಗಷ್ಟೇ ನೀಸ್ ಬಿಟ್ಟು ಇಟಲಿಗೆ ಹೊರಟೆವು. ಇನ್ನು ಅಬುಧಾಬಿಯಲ್ಲೇ ಭೇಟಿ.'

"ಸಾಯ್ಬಾ ಭೊಗೊಸ್, ಕ್ಷಮಿಸು ದೇವರೇ," ಎಂದು ಮೆಟಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಳು. ಅವನು ಕಳಿಸುವ ಗುಂಡಿ ಒತ್ತಿದ.

ಗೋಡೆಯಾಚೆ ಫೋನೊಂದು ಟಿಂಗ್ ಎಂದಿತು. ಹಿಂದೆಯೇ, ತಡೆಯಲಾರದೆ ಹೊರಬಿದ್ದ ಜೋಸ್ಫಿನ್‌ಳ ದನಿ: "ಬಚಾವ್, ಮೊರಿಸ್! ಅವರು ಇಟಲಿಗೆ ಹೋದರಂತೆ!"