ಸಕ್ಕರೆ ಅಚ್ಚು ಎರೆದ ಮಧ್ಯಾಹ್ನ

ಕುದಿಯುವ ಸಕ್ಕರೆ ಪಾಕಕ್ಕೆ ಹಾಲು ಬಿದ್ದ ವಾಸನೆ ಬಂದರೆ ಇವತ್ತಿಗೂ ನಾನು ಒಳಕೋಣೆಯ ಬಾಗಿಲ ಕಡೆ ನೋಡುತ್ತೇನೆ.

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮುತ್ತಾತನ ಕಾಲದಿಂದ ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುತ್ತಿದ್ದರು. ಹನೂರು, ಕಾಮಗೆರೆಯವರೂ ಎಳ್ಳು ಬೀರಲು ನಮ್ಮ ಅಚ್ಚನ್ನೇ ಒಯ್ಯುತ್ತಿದ್ದರು. ಆ ವರ್ಷ ಹಬ್ಬದ ಹಿಂದಿನ ದಿನ ತಾತ ಕಾಯಿಲೆಯಾಗಿ ಒಳಕೋಣೆಯಲ್ಲಿ ಮಲಗಿದ್ದ. ನೀರು ಕುಡಿಸಲು ಹೋದ ಅಜ್ಜಿ, ತುಂಬಿದ ಲೋಟವನ್ನು ಹಾಗೇ ವಾಪಸು ತಂದು ಬಾಗಿಲು ಎಳೆದುಕೊಂಡಳು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಯಾರೂ ಅಳ್ಬ್ಯಾಡಿ. ಅತ್ರೆ ಬೀದೀಗೆ ಗೊತ್ತಾಯ್ತದೆ. ಸೂತಕದ ಮನೆ ಅಚ್ಚ ಯಾರು ತಕಂಡಾರು?" ಅಂದ ಅಜ್ಜಿ ಅಪ್ಪನ ಕಡೆ ತಿರುಗಿದಳು. "ಪಾಕ ಬಂದದೆ, ಉಯ್ಯಿ ಕಣ್ಲಾ."

ಅಪ್ಪ ಹುಯ್ದ. ನೀರಲ್ಲಿ ನೆನೆಸಿದ್ದ ಮರದ ಅಚ್ಚುಗಳನ್ನು ನಾನು ಎತ್ತಿಕೊಟ್ಟೆ. ತಾತನ ಹೆಬ್ಬೆರಳು ಒತ್ತಿ ಒತ್ತಿ ಅವುಗಳ ಅಂಚು ಸವೆದು ನುಣ್ಣಗಾಗಿತ್ತು.

ಜಗುಲಿಯಿಂದ ಗಿರಾಕಿಯೊಬ್ಬಳು, "ಯಜಮಾನ್ರು ಎಂಗವ್ರೆ?" ಅಂತ ಕೇಳಿದಳು.

"ಮಲ್ಗವ್ರೆ ಕಣವ್ವ," ಅಂದಳು ಅಜ್ಜಿ.

ಪಾಕ ಆರಿದ ಮೇಲೆ ಅವಳೇ ಅಚ್ಚು ಬಿಚ್ಚಿದಳು. ಗಿಳಿಯ ಕೊಕ್ಕು, ಬಸವನ ಕೊಂಬು, ಒಂದೂ ಮುರಿದಿರಲಿಲ್ಲ. ಕೊನೆಯ ಗಿರಾಕಿಯ ಬುಟ್ಟಿ ತುಂಬಿಸಿ ಕಳಿಸಿ, ಕೈ ತೊಳೆದು, ಒಳಕೋಣೆಯ ಬಾಗಿಲು ತೆರೆದಳು.

"ಈಗ ಅಳಿ," ಅಂದಳು.